ಮಧ್ಯದಲ್ಲೇ ಇಳಿದುಬಿಡಿ: ಕರ್ನಾಟಕ ಎಕ್ಸ್‌ಪ್ರೆಸ್ ದಾರಿಯಲ್ಲಿ ನಾವು ನೋಡದೆ ಬಿಟ್ಟ ಜಾಗಗಳು

(ಪ್ರವಾಸ ಅಂದ್ರೆ ಇಷ್ಟಪಡುವವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗಿಬಂದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಈಗ ಎರಡನೇ ಪ್ರಶ್ನೆ. ಬೆಂಗಳೂರು ಬಿಟ್ಟ ಮೇಲೆ ದೆಹಲಿ, ಆಗ್ರಾ ಬಿಟ್ಟು ಬೇರೆ ಎಲ್ಲಾದರೂ ಇಳಿದು ಊರು ನೋಡಿದವರು? ಚಹಾ ಕುಡಿಯೋಕೆ ಪ್ಲಾಟ್‌ಫಾರಂಗೆ ಇಳಿದಿದ್ದು ಲೆಕ್ಕಕ್ಕಿಲ್ಲ. ಅಲ್ಲಿ ಹಿಂದೆ ಇಬ್ಬರು ಕೈ ಎತ್ತಿದ್ದಾರೆ. ಅಷ್ಟೇ ಅಲ್ವಾ?

ಹೆಚ್ಚು ಜನಕ್ಕೆ ಗೊತ್ತಿಲ್ಲದ ಪ್ರವಾಸಿ ಜಾಗಗಳ ಬಗ್ಗೆ ಮಾತಾಡಿ ಅಂತ ನನಗೆ ಹೇಳಿದ್ದರು. ಗೊತ್ತಿಲ್ಲದ ಜಾಗ ಅಂದ ತಕ್ಷಣ ನಾವು ನಕ್ಷೆಯ ಅಂಚಿಗೆ ಓಡುತ್ತೇವೆ. ಹಿಮಾಚಲದ ಸ್ಪಿತಿ, ಅರುಣಾಚಲದ ಜೀರೋ, ಗುಜರಾತಿನ ಕಛ್‌ನ ಕೊನೆ. ಹೋಗಿ, ಚೆನ್ನಾಗಿವೆ. ಆದರೆ ನನ್ನ ಅನುಭವದಲ್ಲಿ ಜನ ನೋಡದೆ ಬಿಟ್ಟ ಜಾಗಗಳಲ್ಲಿ ಬಹುಪಾಲು ದೂರದಲ್ಲಿಲ್ಲ. ನಾವು ಹತ್ತಾರು ಸಲ ಮಲಗಿಕೊಂಡು ದಾಟಿದ ಸ್ಟೇಷನ್‌ಗಳ ಪಕ್ಕದಲ್ಲೇ ಇವೆ. ಅದಕ್ಕೇ ಇವತ್ತು ಒಂದೇ ಒಂದು ರೈಲು ಹಿಡಿದು ಹೋಗೋಣ ಅಂದುಕೊಂಡೆ. ಗಾಡಿ ನಂಬರ್ 12627. ಹಳಬರು ಇವತ್ತಿಗೂ ಕೆ.ಕೆ. ಎಕ್ಸ್‌ಪ್ರೆಸ್ ಅಂತಲೇ ಕರೆಯುತ್ತಾರೆ. ಸುಮಾರು 2,400 ಕಿ.ಮೀ. ದಾರಿ, ಎರಡು ರಾತ್ರಿ, ಒಂದು ಹಗಲು.

ಈ ಗಾಡಿಯ ತಮಾಷೆ ಏನು ಗೊತ್ತಾ? ಸಂಜೆ ಬೆಂಗಳೂರು ಬಿಡುತ್ತದೆ. ಊಟ ಮುಗಿಸಿ ಮಲಗಿದರೆ ಗುಂತಕಲ್, ರಾಯಚೂರು, ಯಾದಗಿರಿ ಎಲ್ಲ ನಿದ್ದೆಯಲ್ಲೇ ಹೋಗುತ್ತವೆ. ಮಾರನೇ ದಿನ ಕಿಟಕಿಯಲ್ಲಿ ಮಹಾರಾಷ್ಟ್ರದ ಬಯಲು. ಎರಡನೇ ರಾತ್ರಿ ಮಲಗಿದರೆ ಭೋಪಾಲ, ವಿದಿಶಾ, ಝಾನ್ಸಿ ಹೋಗಿಬಿಡುತ್ತವೆ. ಅಂದರೆ ನೋಡಬೇಕಾದ್ದೆಲ್ಲ ರಾತ್ರಿ ಹೊತ್ತಲ್ಲೇ ಬರುತ್ತದೆ!

ನಾನು ಹೇಳುವ ಎಲ್ಲ ಕಡೆಯೂ ಈ ಗಾಡಿ ನಿಲ್ಲುವುದಿಲ್ಲ. ಕೆಲವು ಕಡೆ ದೊಡ್ಡ ಸ್ಟೇಷನ್‌ನಲ್ಲಿ ಇಳಿದು ಪ್ಯಾಸೆಂಜರ್ ಗಾಡಿಯೋ ಬಸ್ಸೋ ಹಿಡಿಯಬೇಕು. ಟಿಕೆಟನ್ನು ಎರಡು ತುಂಡು ಮಾಡಿ ಬೇರೆಬೇರೆ ದಿನಕ್ಕೆ ಬುಕ್ ಮಾಡಿಬಿಡಿ. ಒಂದೇ ಟಿಕೆಟ್‌ನಲ್ಲಿ ನಡುವೆ ಇಳಿಯುವ ಲೆಕ್ಕಾಚಾರಕ್ಕಿಂತ ಅದು ನೆಮ್ಮದಿ.

ಲೇಪಾಕ್ಷಿಯನ್ನು ಬಿಡುತ್ತೇನೆ. ಹಿಂದೂಪುರದ ಹತ್ತಿರದ ಆ ಊರಿಗೆ ಈಗ ಭಾನುವಾರ ಬಂತೆಂದರೆ ಬೆಂಗಳೂರಿನ ಅರ್ಧ ಕಾರುಗಳು ಹೋಗುತ್ತವೆ. ಗುಂತಕಲ್ ಹತ್ತಿರದ ಗುತ್ತಿಗೆ ಬನ್ನಿ. ಅಲ್ಲೊಂದು ಒಳ್ಳೆಯ ಬೆಟ್ಟದ ಕೋಟೆ ಇದೆ. ಆದರೆ ನಾನು ಕರೆದುಕೊಂಡು ಹೋಗುವುದು ಅಲ್ಲಿಂದ ಪತ್ತಿಕೊಂಡದ ದಾರಿಯಲ್ಲಿ ಸಿಗುವ ಎರ್ರಗುಡಿಗೆ. ಊರಾಚೆ ಒಂದು ಸಣ್ಣ ಗುಡ್ಡ. ಅದರ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಒಂದೆರಡಲ್ಲ. ದೊಡ್ಡ ಬಂಡೆ ಶಾಸನಗಳು ಹದಿನಾಲ್ಕೂ ಇವೆ, ಜೊತೆಗೆ ಕಿರು ಶಾಸನಗಳೂ ಇವೆ. ಎರಡೂ ಬಗೆಯವು ಒಂದೇ ಜಾಗದಲ್ಲಿ ಸಿಗುವುದು ಬಹಳ ಅಪರೂಪ.

ಆ ಕಿರು ಶಾಸನದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬ್ರಾಹ್ಮಿ ಲಿಪಿ ಎಡದಿಂದ ಬಲಕ್ಕೆ ಓದುವ ಲಿಪಿ. ಇಲ್ಲಿ ಕೆತ್ತಿದವನು ಮಾತ್ರ ಕೆಲವು ಸಾಲುಗಳನ್ನು ಎತ್ತು ಹೊಲ ಉಳುವ ಹಾಗೆ ಬರೆದಿದ್ದಾನೆ. ಒಂದು ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ, ಮುಂದಿನದು ಬಲದಿಂದ ಎಡಕ್ಕೆ ತಿರುಗಿ ಬರುತ್ತದೆ. ಯಾಕೆ ಹೀಗೆ ಮಾಡಿದ? ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯ ಅಭ್ಯಾಸ ಇದ್ದವನಿರಬಹುದು ಅಂತ ಕೆಲವರು ಊಹಿಸುತ್ತಾರೆ. ನಮಗೆ ಅಕ್ಷರ ಓದೋಕೆ ಬರಬೇಕು ಅಂತೇನಿಲ್ಲ. ಒಂದೇ ಅಕ್ಷರ ಎರಡು ಸಾಲಿನಲ್ಲಿ ಎದುರುಬದುರು ಮುಖ ಮಾಡಿ ಕೂತಿರುವುದು ಬರಿಗಣ್ಣಿಗೇ ಕಾಣುತ್ತದೆ.

ಇನ್ನು ನಮ್ಮದೇ ರಾಯಚೂರು. ರಾಯಚೂರು ಅಂದರೆ ಬಿಸಿಲು, ಶಾಖೋತ್ಪನ್ನ ಕೇಂದ್ರ ಅಂತ ಮುಗಿಸಿಬಿಡುತ್ತೇವೆ. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗಾಗಿ ಬಿಜಾಪುರದ ಆದಿಲ್‌ಶಾಹಿಗಳ ಜೊತೆ ಯುದ್ಧ ಮಾಡಿದ. ಕೋಟೆ ಅದಕ್ಕಿಂತ ಹಳೆಯದು. 1294ರದ್ದು, ಕಾಕತೀಯರ ಕಾಲದ್ದು. ಅದರ ಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ 41 ಅಡಿಗಿಂತ ಸ್ವಲ್ಪ ಜಾಸ್ತಿ. ಒಂದೇ ಕಲ್ಲು! ಅದರ ಮೇಲೆ ಕೋಟೆ ಕಟ್ಟಿಸಿದ ಶಾಸನ ಇದೆ. ಇಷ್ಟು ಉದ್ದದ ಕಲ್ಲನ್ನು ಅಲ್ಲಿಗೆ ತಂದದ್ದು ಹೇಗೆ ಅಂತ ನಿಮಗೆ ಅನ್ನಿಸಿದರೆ, ಕೆತ್ತಿದವರಿಗೂ ಅದು ಗೊತ್ತಿತ್ತು. ಆ ಕಲ್ಲನ್ನು ಸಾಗಿಸಿದ ಚಿತ್ರವನ್ನೂ ಅಲ್ಲೇ ಕೊರೆದಿಟ್ಟಿದ್ದಾರೆ. ಗಾಲಿಗಳ ಬಂಡಿ, ಅದರ ಮೇಲೆ ಉದ್ದನೆಯ ಕಲ್ಲು, ಮುಂದೆ ಸಾಲಾಗಿ ಕಟ್ಟಿದ ಕೋಣಗಳು, ಅವನ್ನು ಹೊಡೆಯುವವರು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ತಳ್ಳುವವರು. ರಾಜರ ಪಟ್ಟಾಭಿಷೇಕ, ಬೇಟೆ, ಮೆರವಣಿಗೆ ಕೆತ್ತಿದ್ದನ್ನು ನಾವು ಎಲ್ಲ ಕಡೆ ನೋಡಿದ್ದೇವೆ. ಕೂಲಿ ಕೆಲಸವನ್ನು ಕೆತ್ತಿದ್ದು ಎಷ್ಟು ಕಡೆ ನೋಡಿದ್ದೀರಿ? ನನಗಂತೂ ಆ ಕೋಣಗಳ ಸಾಲಿನ ಮುಂದೆ ಹಂಪಿಯ ಎಷ್ಟೋ ಕಂಬಗಳು ಸಪ್ಪೆ ಅನ್ನಿಸಿದವು. ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಇದ್ದರೂ ದಾರಿ ಹೇಳೋಕೆ ಅಲ್ಲಿ ಒಂದು ಸರಿಯಾದ ಫಲಕ ನನಗೆ ಕಾಣಲಿಲ್ಲ.

ರಾಯಚೂರು ಜಿಲ್ಲೆಯಲ್ಲೇ ಮಸ್ಕಿ ಇದೆ. ಶಾಲೆಯಲ್ಲಿ ಓದಿದ್ದೀರಿ. 1915ರಲ್ಲಿ ಚಿನ್ನದ ಗಣಿಯ ಬೀಡನ್ ಎಂಬ ಇಂಜಿನಿಯರ್‌ಗೆ ಅಲ್ಲೊಂದು ಬಂಡೆ ಶಾಸನ ಸಿಕ್ಕಿತು. ಅಲ್ಲಿಯವರೆಗೆ ಓದಿದ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತಷ್ಟೇ ಇತ್ತು. ಈ ದೇವಾನಾಂಪ್ರಿಯ ಅಶೋಕನೇ ಇರಬೇಕು ಅನ್ನೋದು ಸಿಂಹಳದ ಗ್ರಂಥಗಳಿಂದ ಬಂದ ತರ್ಕವಾಗಿತ್ತು. ಮಸ್ಕಿಯ ಕಲ್ಲಿನಲ್ಲಿ ಅಶೋಕ ಅನ್ನುವ ಹೆಸರೇ ಸಿಕ್ಕಿತು. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉಡೆಗೋಳಗಳಲ್ಲೂ ಸಿಕ್ಕಿತು. ಕರ್ನಾಟಕದ ಹೊರಗೆ ಹೀಗೆ ಹೆಸರಿರುವ ಬಂಡೆ ಮಧ್ಯಪ್ರದೇಶದ ಗುಜರ್ರಾದಲ್ಲಿದೆ. ಗುಜರ್ರಾ ಎಲ್ಲಿದೆ? ದತಿಯಾ ಜಿಲ್ಲೆಯಲ್ಲಿ, ಝಾನ್ಸಿ ಹತ್ತಿರ. ಇದೇ ರೈಲಿನ ದಾರಿ! ನಡುವೆ ನರ್ಮದೆ ದಾಟಿದ ಮೇಲೆ ಬುದನಿಯ ಹತ್ತಿರ ಪಾನ್‌ಗುರಾಡಿಯಾದಲ್ಲಿ ಇನ್ನೊಂದು ಅಶೋಕ ಶಾಸನ, ಮುಂದೆ ಸಾಂಚಿಯಲ್ಲಿ ಮತ್ತೊಂದು. ನಕ್ಷೆ ಮುಂದಿಟ್ಟುಕೊಂಡು ಚುಕ್ಕಿ ಹಾಕುತ್ತಾ ಹೋಗಿ, ಈ ರೈಲು ದಾರಿಯನ್ನು ಅಶೋಕನ ಕಾಲದಲ್ಲೇ ಸರ್ವೆ ಮಾಡಿದ್ದರೇನೋ ಅನ್ನಿಸುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಬರುವವರು ಬೆಟ್ಟದ ಕಣಿವೆಗಳನ್ನು, ನದಿ ದಾಟುವ ಜಾಗಗಳನ್ನು ಹುಡುಕಲೇಬೇಕು. ಆಗಿನ ವ್ಯಾಪಾರಿಗಳೂ ಹುಡುಕಿದರು, ಆಮೇಲೆ ಬ್ರಿಟಿಷ್ ಇಂಜಿನಿಯರುಗಳೂ ಹುಡುಕಿದರು.

ಮುಂದೆ ಯಾದಗಿರಿ ಅಥವಾ ವಾಡಿ. ಎರಡರ ನಡುವೆ ನಾಲವಾರ ಅಂತ ಸಣ್ಣ ಸ್ಟೇಷನ್. ಅಲ್ಲಿಂದ ಸುಮಾರು 20 ಕಿ.ಮೀ. ಹೋದರೆ ಭೀಮಾ ನದಿಯ ದಂಡೆಯಲ್ಲಿ ಸನ್ನತಿ. ಚಂದ್ರಲಾಂಬೆಯ ಊರು. ದೇವಿಗೆ ನಡೆದುಕೊಳ್ಳುವ ಮನೆತನಗಳು ಇಡೀ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಇವೆ. ಹಾಗಾಗಿ ಊರು ಗೊತ್ತಿಲ್ಲದ್ದಲ್ಲ. ಗೊತ್ತಿಲ್ಲದ್ದು ಅದರ ಕೆಳಗಿದ್ದದ್ದು.

1986ರಲ್ಲಿ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು. ತೆರವು ಮಾಡುವಾಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯಲ್ಲಿ ಅಕ್ಷರ ಕಂಡವು. ಎರಡೂ ಬದಿಗೆ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನವನ್ನು ಯಾವುದೋ ಕಾಲದಲ್ಲಿ ಯಾರೋ ಒಳ್ಳೆಯ ಚಪ್ಪಡಿ ಅಂತ ತಂದು, ಮೂರ್ತಿಯ ಬುಡ ಕೂರಿಸೋಕೆ ನಡುವೆ ತೂತು ಹೊಡೆದು, ಪೀಠ ಮಾಡಿಬಿಟ್ಟಿದ್ದರು. ತೂತು ಬಿದ್ದ ಕಡೆ ಅಕ್ಷರ ಹೋಗಿವೆ. ಉಳಿದದ್ದು ಸಣ್ಣದಲ್ಲ. ಕಳಿಂಗದ, ಅಂದರೆ ಈಗಿನ ಒಡಿಶಾದ, ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಇವೆ ಅಂದುಕೊಂಡಿದ್ದ, ಆ ಹದಿನಾಲ್ಕರ ಪಟ್ಟಿಗೆ ಸೇರದ ‘ಪ್ರತ್ಯೇಕ ಶಾಸನಗಳು’ ಇಲ್ಲಿ ಭೀಮಾ ತೀರದಲ್ಲಿ ಸಿಕ್ಕವು. ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಅಂತ ಅಶೋಕ ಹೇಳಿಸಿದ್ದು ಆ ಶಾಸನಗಳಲ್ಲೇ.

ಅಲ್ಲಿಂದ ಎರಡು ಮೂರು ಕಿ.ಮೀ. ದೂರದಲ್ಲಿ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಒಂದು ಮಹಾಸ್ತೂಪ ಹೊರಬಂತು. ಅಲ್ಲಿನ ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಅನ್ನುತ್ತವೆ. ಸುತ್ತ ಹೊದಿಸಿದ್ದ ಸುಣ್ಣಕಲ್ಲಿನ ಚಪ್ಪಡಿಗಳ ತುಂಬ ಕೆತ್ತನೆ. ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಕುತ್ತಿದ್ದ ಶಹಾಬಾದ್ ಕಲ್ಲು ಇದೇ ಸೀಮೆಯದು, ನೆನಪಿದೆಯಲ್ಲ? ಆ ಚಪ್ಪಡಿಗಳಲ್ಲಿ ಒಂದರಲ್ಲಿ ರಾಜ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ, ಸುತ್ತ ಛತ್ರಿ ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’. ಹೆಸರು ಬರೆದಿರುವ ಅಶೋಕನ ಚಿತ್ರ! ಅವನು ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ ಕೆತ್ತಿದ್ದು, ಹಾಗಾಗಿ ಮುಖ ಹೀಗೇ ಇತ್ತು ಅಂತ ಹೇಳೋಕಾಗಲ್ಲ. ಆದರೂ ಇಡೀ ದೇಶದ ನೋಟಿನ ಮೇಲೆ ಸಿಂಹದ ಗುರುತು ಕೊಟ್ಟ ರಾಜನ ಹೆಸರೂ ಚಿತ್ರವೂ ಒಟ್ಟಿಗೆ ಇರುವ ಕಲ್ಲು ಕಲಬುರಗಿ ಜಿಲ್ಲೆಯಲ್ಲಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಶಾತವಾಹನ ರಾಜರ ಹೆಸರಿರುವ ಚಪ್ಪಡಿಗಳೂ ಅಲ್ಲಿವೆ. ಬಹಳ ವರ್ಷ ಎಲ್ಲವೂ ಹೊಲದ ನಡುವೆ ಬಿಸಿಲು ಮಳೆಗೆ ಬಿದ್ದಿದ್ದವು. ಈಚಿನ ವರ್ಷಗಳಲ್ಲಿ ಸ್ತೂಪವನ್ನು ಮತ್ತೆ ನಿಲ್ಲಿಸುವ ಕೆಲಸ ಶುರುವಾಗಿದೆ. ಕೆಲಸ ನಡೆಯುವಾಗ ಕೆಲವು ಭಾಗಕ್ಕೆ ಬಿಡದೆ ಇರಬಹುದು. ಅಲ್ಲಿನ ಕಾವಲಿನವರನ್ನು ಕೇಳಿಕೊಂಡು ಹೋಗಿ. ಊಟದ ಬುತ್ತಿ ಕಟ್ಟಿಕೊಂಡು ಹೋಗುವುದು ಕ್ಷೇಮ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಇನ್ನೇನು ಬೇಕು?

ಕಲಬುರಗಿಯಲ್ಲಿ ಇಳಿದರೆ ಕೋಟೆಯೊಳಗಿನ ಜಾಮಿ ಮಸೀದಿ ನೋಡಿ. 1367ರದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇದರಲ್ಲಿಲ್ಲ, ಪೂರ್ತಿ ಗುಮ್ಮಟಗಳ ಚಾವಣಿ. ಸೊಲ್ಲಾಪುರದಲ್ಲಿ ಸಿದ್ಧರಾಮನ ಗುಡಿ ಮತ್ತು ಕೆರೆ. ಸೊನ್ನಲಿಗೆ ಅಂತ ವಚನಗಳಲ್ಲಿ ಬರುವುದು ಇದೇ ಊರು. ಸಂಕ್ರಾಂತಿಯ ಹೊತ್ತಿಗೆ ಹೋದರೆ ಸಿದ್ಧರಾಮನ ಗಡ್ಡಾ ಜಾತ್ರೆ. ಅಹಮದ್‌ನಗರದ ಕೋಟೆಯಲ್ಲಿ ನೆಹರೂ 1942ರಿಂದ ಸೆರೆಯಲ್ಲಿದ್ದರು, ಕೋಟೆ ಸೇನೆಯ ವಶದಲ್ಲಿದೆ. ಊರಿಗೆ ಈಗ ಅಹಿಲ್ಯಾನಗರ ಅಂತ ಹೊಸ ಹೆಸರು, ಟಿಕೆಟ್ ಬುಕ್ ಮಾಡುವಾಗ ಗಮನ ಇರಲಿ. ಇಷ್ಟನ್ನು ಕಿಟಕಿಯಲ್ಲೇ ಮುಗಿಸಿಬಿಡೋಣ.

ಮನ್ಮಾಡ್ ದಾಟಿದ ಮೇಲೆ ಚಾಳೀಸ್‌ಗಾಂವ್ ಬರುತ್ತದೆ. ಅಲ್ಲಿಂದ ಗುಡ್ಡದ ಕಡೆ ಹೋದರೆ ಪಾಟಣ, ಪಾಟಣಾದೇವಿಯ ಗುಡಿ ಇರುವ ಕಾಡು. ಅಲ್ಲೊಂದು ಶಾಸನ ಸಿಕ್ಕಿದೆ. ಭಾಸ್ಕರಾಚಾರ್ಯರ ಮೊಮ್ಮಗ ಚಂಗದೇವ ಯಾದವ ಸಿಂಘಣನ ಆಸ್ಥಾನದ ಜೋಯಿಸನಾಗಿದ್ದ. ಅಜ್ಜನ ಗ್ರಂಥಗಳನ್ನು ಪಾಠ ಹೇಳೋಕೆ ಅಂತಲೇ 1207ರಲ್ಲಿ ಅಲ್ಲೊಂದು ಮಠ ಮಾಡಿಸಿದ. ಲೀಲಾವತಿ ಲೆಕ್ಕಗಳನ್ನು ಕಲಿಸುವ ಶಾಲೆಗೆ ದತ್ತಿ ಬಿಟ್ಟ ಶಾಸನ ಅದು. ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಅಂತ ನಾವು ಹೇಳಿಕೊಳ್ಳುತ್ತೇವೆ, ಮರಾಠಿಗರು ಇದೇ ಪಾಟಣದ ಕಡೆಯವರು ಅನ್ನುತ್ತಾರೆ. ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ ಅಂತ ಅವರೇ ಬರೆದದ್ದು. ಜಗಳ ಬಗೆಹರಿಸೋಕೆ ನಾನು ಬಂದಿಲ್ಲ. ಆದರೆ ವಿಜಯಪುರದ ಬಯಲಲ್ಲಿ ನಿಂತು ಸಹ್ಯಾದ್ರಿಯನ್ನು ಹುಡುಕುವುದು ಸ್ವಲ್ಪ ಕಷ್ಟ, ಅಲ್ವಾ? ಕೋಪ ಬಂದವರು ಆಮೇಲೆ ಸಿಗಿ.

ಈಗ ಬುರ್ಹಾನ್‌ಪುರ. ನನ್ನ ಪಟ್ಟಿಯಲ್ಲಿ ಇದೇ ಮೊದಲು. ತಾಪಿ ನದಿಯ ದಂಡೆಯ ಊರು, ದಖ್ಖನ್ನಿನ ಬಾಗಿಲು. ಮೊಘಲರು ದಕ್ಷಿಣದ ಮೇಲೆ ದಂಡೆತ್ತಿ ಬರುವಾಗ ಡೇರೆ ಹಾಕುತ್ತಿದ್ದದ್ದು ಇಲ್ಲಿ. 1631ರ ಬೇಸಿಗೆಯಲ್ಲಿ ಶಾಹಜಹಾನ್ ಇಲ್ಲಿದ್ದಾಗ ಮುಮ್ತಾಜ್ ಹದಿನಾಲ್ಕನೇ ಹೆರಿಗೆಯಲ್ಲಿ ತೀರಿಕೊಂಡಳು. ಅವಳನ್ನು ಮೊದಲು ಹೂತದ್ದು ಆಗ್ರಾದಲ್ಲಲ್ಲ, ತಾಪಿಯ ಆಚೆ ದಡದ ಜೈನಾಬಾದ್‌ನ ತೋಟದಲ್ಲಿ. ಆಹೂಖಾನಾ ಅಂತ ಕರೆಯುತ್ತಾರೆ. ಡಿಸೆಂಬರ್‌ನಲ್ಲಿ ದೇಹವನ್ನು ಆಗ್ರಾಕ್ಕೆ ಸಾಗಿಸಿದರು. ತಾಜ್‌ಮಹಲ್‌ಗೆ ದಿನಕ್ಕೆ ಸಾವಿರಾರು ಜನ ಹೋಗುತ್ತಾರೆ. ಆಹೂಖಾನಾಕ್ಕೆ ನಾನು ಹೋದಾಗ ಮೇಕೆ ಮೇಯಿಸುತ್ತಿದ್ದ ಇಬ್ಬರು ಹುಡುಗರು ಬಿಟ್ಟರೆ ಯಾರೂ ಇರಲಿಲ್ಲ. ಈಚೆ ದಡದ ಶಾಹಿ ಕಿಲ್ಲೆಯಲ್ಲಿ ಹಮಾಮ್, ಅಂದರೆ ಸ್ನಾನಗೃಹ ಉಳಿದಿದೆ. ಅದರ ಚಾವಣಿಯ ಬಣ್ಣದ ಚಿತ್ರ ಅಲ್ಲಲ್ಲಿ ಇನ್ನೂ ಇದೆ. ಊರ ಜಾಮಾ ಮಸೀದಿಗೂ ಹೋಗಿ. ಮೊಘಲರಿಗಿಂತ ಮುಂಚೆ ಅಲ್ಲಿ ಆಳಿದ ಫಾರೂಕಿ ಮನೆತನದ ಸುಲ್ತಾನ ಕಟ್ಟಿಸಿದ್ದು. ಒಳಗೆ ಅರಬ್ಬಿ ಶಾಸನದ ಜೊತೆ ಸಂಸ್ಕೃತದ ಶಾಸನವೂ ಇದೆ. ನಮ್ಮ ಪಂಚಾಂಗದ ಲೆಕ್ಕದ ತಿಥಿ ಸಮೇತ!

ಬುರ್ಹಾನ್‌ಪುರದ ನಿಜವಾದ ಅಚ್ಚರಿ ನೆಲದ ಕೆಳಗಿದೆ. ಕುಂಡಿ ಭಂಡಾರಾ ಅಂತ ಹೆಸರು. ಜಹಾಂಗೀರನ ಕಾಲದಲ್ಲಿ, 1615ರಲ್ಲಿ, ಅಲ್ಲಿ ಸುಬೇದಾರನಾಗಿದ್ದ ಅಬ್ದುಲ್ ರಹೀಂ ಖಾನ್‌ಖಾನಾ ಮಾಡಿಸಿದ. ಹಿಂದಿ ಪಠ್ಯದಲ್ಲಿ ಓದಿದ ರಹೀಮನ ದೋಹೆಗಳು ನೆನಪಿದ್ದರೆ, ಅದೇ ರಹೀಂ. ಸಾತ್ಪುಡಾ ಬೆಟ್ಟದಿಂದ ತಾಪಿಯ ಕಡೆಗೆ ನೆಲದೊಳಗೇ ಜಿನುಗಿ ಹೋಗುವ ನೀರನ್ನು ಸುರಂಗ ಕೊರೆದು ಹಿಡಿದಿದ್ದಾರೆ. ಪರ್ಷಿಯಾದ ವಿದ್ಯೆ. ಸುರಂಗದ ಉದ್ದಕ್ಕೂ ಸಾಲಾಗಿ ನೂರಕ್ಕೂ ಹೆಚ್ಚು ಬಾವಿಗಳು. ಅವೇ ಕುಂಡಿಗಳು. ಸುರಂಗ ತೋಡೋಕೆ, ಹೂಳು ಎತ್ತೋಕೆ, ಗಾಳಿ ಆಡೋಕೆ, ನೀರು ಸೇದೋಕೆ ಎಲ್ಲಕ್ಕೂ ಅವೇ. ಪಂಪು ಇಲ್ಲ, ರಾಟೆ ಇಲ್ಲ. ಇಳಿಜಾರಿನ ಲೆಕ್ಕ ಸರಿ ಇದ್ದರೆ ನೀರು ತಾನೇ ಊರಿಗೆ ಬರುತ್ತದೆ. ಒಂದು ಕುಂಡಿಯಲ್ಲಿ ಲಿಫ್ಟ್ ಇದೆ. ಅದು ಕೆಟ್ಟಿರದಿದ್ದರೆ ಸುಮಾರು 80 ಅಡಿ ಕೆಳಗೆ ಇಳಿಯಬಹುದು. ಕೆಳಗೆ ಕಾಲು ಮುಳುಗುವಷ್ಟು ತಣ್ಣನೆಯ ನೀರು, ತಲೆ ಬಗ್ಗಿಸಿ ನಡೆಯಬೇಕಾದ ಸುರಂಗ. ಗೋಡೆಗೆಲ್ಲ ಸುಣ್ಣದ ಪದರ ಕಟ್ಟಿ ಬೆಳ್ಳಗಾಗಿದೆ. ಕೈಯಿಟ್ಟರೆ ಒರಟಾಗಿ, ಒದ್ದೆಯಾಗಿ ತಾಕುತ್ತದೆ. ಮೇಲಿನ ಬಾವಿಬಾಯಿಂದ ಬೆಳಕಿನ ಒಂದು ಕೋಲು ಇಳಿದಿರುತ್ತದೆ, ಮುಂದಕ್ಕೆ ಕತ್ತಲೆ, ಮತ್ತೆ ಇನ್ನೊಂದು ಬೆಳಕಿನ ಕೋಲು.

ಇಲ್ಲಿ ಒಬ್ಬರು ಕೇಳಿದರು: “ಸಾರ್, ಇಂಥದ್ದೇ ಬೀದರ್‌ನಲ್ಲೂ ಇದೆ ಅಂತಾರಲ್ಲ?” ಇದೆ. ಬೀದರ್‌ನ ನೌಬಾದಿನಲ್ಲಿ. ಸುರಂಗಬಾವಿ ಅಂತಲೇ ಜನ ಕರೆಯುವುದು. ಬಹಮನಿಗಳ ಕಾಲದ್ದು, 15ನೇ ಶತಮಾನ. ಅಂದರೆ ಬುರ್ಹಾನ್‌ಪುರಕ್ಕಿಂತ ಹಳೆಯದು. ಸುಮಾರು 3 ಕಿ.ಮೀ. ಉದ್ದ, 21 ಗಾಳಿಬಾವಿಗಳು. ಬೀದರ್‌ನದು ಕೆಂಪು ಜಂಬಿಟ್ಟಿಗೆ, ಬುರ್ಹಾನ್‌ಪುರದ್ದು ಬಿಳಿ ಸುಣ್ಣದ ಗೋಡೆ. ಎರಡನ್ನೂ ನೋಡಿದರೆ ವಿದ್ಯೆ ಒಂದೇ, ನೆಲ ಬೇರೆ ಅನ್ನುವುದು ಗೊತ್ತಾಗುತ್ತದೆ. ಬೀದರ್‌ಗೆ ಹೋದವರು ಅಷ್ಟೂರಿನ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯನ್ನೂ ಬಿಡಬೇಡಿ. ಒಳಗಿನ ಬಣ್ಣದ ಚಿತ್ತಾರ ಅಷ್ಟು ಚೆನ್ನಾಗಿದೆ. ಅವನನ್ನು ಮುಸ್ಲಿಮರು ವಲಿ ಅನ್ನುತ್ತಾರೆ, ಲಿಂಗಾಯತರಲ್ಲಿ ಎಷ್ಟೋ ಜನ ಅಲ್ಲಮಪ್ರಭು ಅಂತ ನಡೆದುಕೊಳ್ಳುತ್ತಾರೆ. ಉರುಸು ಒಂದೇ.

ಬುರ್ಹಾನ್‌ಪುರದಿಂದ ಹೊರಡುವ ಮುಂಚೆ ಮಾವಾ ಜಿಲೇಬಿ ತಿನ್ನಿ. ಖೋವಾ ಹಾಕಿ ಮಾಡುತ್ತಾರೆ, ಬಣ್ಣ ಕಂದು, ದಪ್ಪ ಸುರುಳಿ. ನಮ್ಮ ಜಿಲೇಬಿಯ ಹಾಗೆ ಗರಿಗರಿ ಇರಲ್ಲ. ಒಂದೇ ಸಾಕು, ಎರಡನೆಯದು ದುರಾಸೆ.

ಇಟಾರ್ಸಿಯಿಂದ ಭೋಪಾಲದ ಕಡೆ ಹೋಗುವಾಗ ಕಿಟಕಿ ಪಕ್ಕ ಕೂತಿರಬೇಕು. 1957ರಲ್ಲಿ ವಿ. ಎಸ್. ವಾಕಣಕರ್ ಅನ್ನುವ ಪುರಾತತ್ವಜ್ಞರು ಇದೇ ಹಳಿಯ ಮೇಲೆ ಹೋಗುವಾಗ ದೂರದ ಗುಡ್ಡದ ಮೇಲಿನ ಬಂಡೆಗಳ ಆಕಾರ ಕಂಡರು. ಯುರೋಪಿನಲ್ಲಿ ನೋಡಿದ್ದ ಚಿತ್ರಗುಹೆಗಳ ಬಂಡೆಗಳು ನೆನಪಾದವು. ಆಮೇಲೆ ಹುಡುಕಿಕೊಂಡು ಹೋದರು. ಸಿಕ್ಕಿದ್ದು ಭೀಮಬೇಟ್ಕಾ. 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಹಾಗಾಗಿ ಅದರ ಬಗ್ಗೆ ನಾನು ಹೆಚ್ಚು ಹೇಳಲ್ಲ. ಅಲ್ಲಿಗೆ ಹೋದವರು ಭೋಜಪುರವನ್ನು ಬಿಟ್ಟುಬರುತ್ತಾರೆ, ಅದು ನನ್ನ ತಕರಾರು. 11ನೇ ಶತಮಾನದ ಭೋಜರಾಜನ ಶಿವಾಲಯ, ಅರ್ಧಕ್ಕೇ ನಿಂತದ್ದು. ಲಿಂಗವೇ ಸುಮಾರು 7.5 ಅಡಿ, ಪೀಠ ಸೇರಿದರೆ 20 ಅಡಿ ದಾಟುತ್ತದೆ. ಎಲ್ಲರೂ ಲಿಂಗದ ಮುಂದೆ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ನೀವು ಹೊರಗಿನ ಬಂಡೆಗಳ ಮೇಲೆ ನಡೆಯಿರಿ. ಬಂಡೆಯ ಮೇಲೇ ಗುಡಿಯ ನಕ್ಷೆ, ಕಂಬ, ಅಧಿಷ್ಠಾನದ ಪಟ್ಟಿಗಳನ್ನು ಗೆರೆ ಕೊರೆದು ಬಿಡಿಸಿದ್ದಾರೆ. ಕಲ್ಲುಕುಟಿಗರ ಕೆಲಸದ ನಕ್ಷೆ! ಸಾಮಾನ್ಯವಾಗಿ ಕಟ್ಟಡ ಮುಗಿದ ಮೇಲೆ ಇಂಥದ್ದೆಲ್ಲ ಅಳಿಸಿಹೋಗುತ್ತದೆ. ಇಲ್ಲಿ ಕೆಲಸ ನಿಂತದ್ದಕ್ಕೇ ಉಳಿದಿದೆ. ಗುಡಿಯ ಹಿಂದೆ ಭಾರಿ ಕಲ್ಲುಗಳನ್ನು ಮೇಲಕ್ಕೆ ಎಳೆಯಲು ಹಾಕಿದ್ದ ಮಣ್ಣಿನ ಇಳಿಜಾರು ದಿಬ್ಬವೂ ಇದೆ. ಬೆಳಗ್ಗೆಯೋ ಸಂಜೆಯೋ ಹೋಗಿ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಆ ಗೆರೆಗಳು ಕಾಣುವುದೇ ಇಲ್ಲ.

ಸಾಂಚಿಗೆ ಹೋಗುವವರು ಹತ್ತು ಕಿ.ಮೀ. ಮುಂದೆ ವಿದಿಶಾಕ್ಕೆ ಬನ್ನಿ. ಊರಾಚೆ ಒಂದು ಕಂಬ ನಿಂತಿದೆ. ಜನ ಅದನ್ನು ಖಾಂಬಾ ಬಾಬಾ ಅಂತ ಪೂಜೆ ಮಾಡುತ್ತಿದ್ದರು. 1877ರಲ್ಲಿ ಕನ್ನಿಂಗ್‌ಹ್ಯಾಂ ಬಂದು ನೋಡಿದರು. ಕಂಬಕ್ಕೆ ಸಿಂಧೂರ ಬಳಿದು ಬಳಿದು ದಪ್ಪ ಪದರ ಕಟ್ಟಿತ್ತು. ಅಕ್ಷರ ಕಾಣಲಿಲ್ಲ. ಅಷ್ಟು ದೊಡ್ಡ ಪುರಾತತ್ವಜ್ಞ ಬರಿಗೈಲಿ ವಾಪಸ್ ಹೋದರು. 1909ರಲ್ಲಿ ಆ ಪದರ ಕೆರೆದಾಗ ಶಾಸನ ಕಂಡಿತು. ‘ದೇವದೇವಸ ವಾಸುದೇವಸ’ ಅಂತ ಶುರುವಾಗುತ್ತದೆ. ದೇವದೇವ ವಾಸುದೇವನಿಗೆ ಈ ಗರುಡಗಂಬ ಮಾಡಿಸಿದ್ದು ತಕ್ಷಶಿಲೆಯ ಹೆಲಿಯೊಡೋರಸ್, ಗ್ರೀಕ್ ರಾಜ ಆಂಟಿಯಾಲ್ಕಿಡಸ್‌ನ ರಾಯಭಾರಿ. ಕ್ರಿ.ಪೂ. 2ನೇ ಶತಮಾನದ ಕೊನೆಯ ಹೊತ್ತು. ಯವನನೊಬ್ಬ, ಅಂದರೆ ಗ್ರೀಕನೊಬ್ಬ, ತನ್ನನ್ನು ಭಾಗವತ, ವಾಸುದೇವನ ಭಕ್ತ, ಅಂತ ಕರೆದುಕೊಂಡಿದ್ದಾನೆ. ಪಕ್ಕದ ಉದಯಗಿರಿ ಗುಹೆಗಳಲ್ಲಿ ಭೂದೇವಿಯನ್ನು ಎತ್ತುವ ವರಾಹನ ದೊಡ್ಡ ಉಬ್ಬುಶಿಲ್ಪ ಇದೆ. ಗುಪ್ತರ ಎರಡನೇ ಚಂದ್ರಗುಪ್ತನ ಕಾಲದ್ದು. ಬಾದಾಮಿಯ ವರಾಹ ನೋಡಿದವರು ಇದನ್ನು ನೋಡಲೇಬೇಕು. ನಮ್ಮದಕ್ಕಿಂತ ನೂರೈವತ್ತು ವರ್ಷಕ್ಕೂ ಹೆಚ್ಚು ಹಿರಿಯ ಇವನು.

ಝಾನ್ಸಿ ದಾಟಿದ ಮೇಲೆ ದತಿಯಾ ಬರುತ್ತದೆ. ಬೀರ್‌ಸಿಂಗ್ ದೇವ್ ಕಟ್ಟಿಸಿದ ಏಳಂತಸ್ತಿನ ಅರಮನೆ ಹಳಿಯಿಂದಲೇ ಕಾಣುತ್ತದೆ. ಗುಜರ್ರಾ ಶಾಸನಕ್ಕೂ ಇದೇ ಕಡೆ ಹೋಗುವುದು. ಗ್ವಾಲಿಯರ್ ಕೋಟೆ ಎಲ್ಲರಿಗೂ ಗೊತ್ತು. ಹತ್ತುವ ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕೊರೆದ ಪುಟ್ಟ ಚತುರ್ಭುಜ ಗುಡಿ ಇದೆ. ಜನ ಅದನ್ನು ಗಮನಿಸದೆ ಮುಂದೆ ಹೋಗಿಬಿಡುತ್ತಾರೆ. ಒಳಗೆ 876ನೇ ಇಸವಿಯ ಶಾಸನ. ಹೂದೋಟಕ್ಕೆ ಬಿಟ್ಟ ನೆಲ 270 ಮೊಳ ಅಂತ ಒಂದು ಕಡೆ, ದಿನಕ್ಕೆ 50 ಹೂಮಾಲೆ ಅಂತ ಇನ್ನೊಂದು ಕಡೆ. ಆ ಎರಡರಲ್ಲೂ ದುಂಡನೆಯ ಸೊನ್ನೆ ಇದೆ, ನಾವು ಇವತ್ತು ಬರೆಯುವಂಥದ್ದೇ. ಸೊನ್ನೆ ಕೊಟ್ಟ ದೇಶ ಅಂತ ಭಾಷಣ ಮಾಡುತ್ತೇವಲ್ಲ, ಕಣ್ಣಾರೆ ನೋಡಬಹುದಾದ ಸೊನ್ನೆ ಇಲ್ಲಿದೆ. ಹೂವಿನ ಲೆಕ್ಕದಲ್ಲಿ!

ಗ್ವಾಲಿಯರ್‌ನಿಂದ ಟ್ಯಾಕ್ಸಿ ಮಾಡಿಕೊಂಡು ಮೊರೇನಾ ಜಿಲ್ಲೆಯ ಕಡೆ ಹೋದರೆ ಮಿತಾವಲಿಯ ಚೌಸಠ್ ಯೋಗಿನಿ, ಅಂದರೆ ಅರವತ್ತನಾಲ್ಕು ಯೋಗಿನಿಯರ, ಗುಡಿ ಸಿಗುತ್ತದೆ. ಗುಡ್ಡದ ತಲೆಯ ಮೇಲೆ ದುಂಡನೆಯ ಗುಡಿ. ದೆಹಲಿಯ ಹಳೆಯ ಸಂಸತ್ ಭವನಕ್ಕೆ ಇದೇ ಮಾದರಿ ಅಂತ ಗೈಡುಗಳು ಹೇಳುತ್ತಾರೆ. ನೋಡೋಕೆ ಹಾಗೇ ಇದೆ, ಆಧಾರ ಮಾತ್ರ ಯಾರೂ ತೋರಿಸಿಲ್ಲ. ಹತ್ತಿರದಲ್ಲೇ ಬಟೇಶ್ವರ. ಪ್ರತಿಹಾರರ ಕಾಲದ ಸುಮಾರು 200 ಸಣ್ಣ ಗುಡಿಗಳು ಬಿದ್ದು ಕಲ್ಲಿನ ರಾಶಿಯಾಗಿದ್ದವು. ಚಂಬಲ್ ಕಣಿವೆ, ಡಕಾಯಿತರ ಜಾಗ, ಯಾರೂ ಹೋಗುತ್ತಿರಲಿಲ್ಲ. 2005ರ ಹೊತ್ತಿಗೆ ಪುರಾತತ್ವ ಇಲಾಖೆಯ ಕೆ. ಕೆ. ಮುಹಮ್ಮದ್ ಅಲ್ಲಿನ ಡಕಾಯಿತ ನಿರ್ಭಯ್ ಗುಜ್ಜರ್‌ನ ಕಡೆಯವರನ್ನು ಒಪ್ಪಿಸಿ ಕೆಲಸ ಶುರು ಮಾಡಿದರು. ಬಿದ್ದ ಕಲ್ಲುಗಳನ್ನೇ ಒಂದೊಂದಾಗಿ ಜೋಡಿಸಿ ಹತ್ತಾರು ಗುಡಿಗಳನ್ನು ಮತ್ತೆ ನಿಲ್ಲಿಸಿದರು. ಡಕಾಯಿತರು ಹೋದ ಮೇಲೆ ತೊಂದರೆ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಅವರ ಭಯಕ್ಕೆ ದೂರ ಇದ್ದ ಕಲ್ಲು ಗಣಿಯವರು ಹತ್ತಿರ ಬಂದು ಸಿಡಿಮದ್ದು ಇಡೋಕೆ ಶುರು ಮಾಡಿದರು. ಅದರ ಮೇಲೂ ಹೋರಾಡಬೇಕಾಯಿತು.

ಕೊನೆಗೆ ಒಬ್ಬ ಹೆಣ್ಣುಮಗಳು ಕೇಳಿದ ಪ್ರಶ್ನೆ: “ನನಗೆ ಸಿಗೋದು ಮೂರೇ ದಿನ ರಜೆ. ಅಪ್ಪ ಅಮ್ಮನೂ ಜೊತೆ ಬರ್ತಾರೆ. ಎಲ್ಲಿ ಇಳೀಲಿ?”

ಅಪ್ಪ ಅಮ್ಮ ಜೊತೆಗಿದ್ದರೆ ವಿದಿಶಾದ ಗುಹೆ, ಮಿತಾವಲಿಯ ಮೆಟ್ಟಿಲು ಈಗ ಬೇಡಮ್ಮ. ಕಲಬುರಗಿಯಲ್ಲಿ ರೂಮು ಮಾಡಿ. ಒಂದು ದಿನ ಸನ್ನತಿ, ಕನಗನಹಳ್ಳಿ. ಚಂದ್ರಲಾಂಬೆಯ ದರ್ಶನವೂ ಆಗುತ್ತೆ, ದೊಡ್ಡವರಿಗೂ ಖುಷಿ. ಎರಡನೇ ದಿನ ಬೀದರ್. ಈಗ ಕಲಬುರಗಿಯಿಂದ ನೇರ ರೈಲು ದಾರಿ ಇದೆ. ವಾಪಸ್ ಬರುವಾಗ ರಾಯಚೂರಿನಲ್ಲಿ ಬೆಳಗ್ಗೆ ಇಳಿದು, ಕೋಟೆಯ ಕಲ್ಲು ನೋಡಿಕೊಂಡು ರಾತ್ರಿಯ ಗಾಡಿ ಹಿಡಿಯಿರಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಆ ಕಡೆಯ ಬಿಸಿಲು 40 ಡಿಗ್ರಿ ಮೀರುತ್ತದೆ, ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಬುರ್ಹಾನ್‌ಪುರಕ್ಕೆ ನೀವೊಬ್ಬರೇ ಇನ್ನೊಂದು ಸಲ ಹೋಗಿಬನ್ನಿ. ಲಿಫ್ಟ್ ನಡೆಯುತ್ತಿದೆಯಾ ಅಂತ ಮುಂಚೆಯೇ ವಿಚಾರಿಸಿಕೊಳ್ಳಿ, ಬದಲಿ ಬಟ್ಟೆ ಇಟ್ಟುಕೊಳ್ಳಿ, ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ.